ಮನವಿ ಬರೆಯುವ ಮೊದಲು ಊರು ಮಾಡಬೇಕಾದ ಕೆಲಸ

(ಸಂಘದ ರಜತ ಮಹೋತ್ಸವದ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂತೋಷದ ದಿವಸ ನಮಗೂ ಎರಡು ಮಾತು ಆಡಲು ಅವಕಾಶ ಕೊಟ್ಟಿದ್ದೀರಿ. ಭಾಷಣ ಮಾಡುವ ರೂಢಿ ನಮಗಿಲ್ಲ. ಆದರೆ ಅರ್ಜಿ ಬರೆಯುವ ರೂಢಿ ಬೇಕಾದಷ್ಟು ಐತಿ. ಸರಕಾರಕ್ಕೆ ಊರಿನ ಕೆಲಸಕ್ಕಾಗಿ ನಾವು ಎಷ್ಟು ಮನವಿ ಕೊಟ್ಟೆವು, ಎಷ್ಟು ಹುಸಿ ಹೋದವು, ಯಾವುದು ಫಲಿಸಿತು, ಯಾಕೆ ಫಲಿಸಿತು, ಇದನ್ನೇ ಇವತ್ತು ಹೇಳಬೇಕೆಂದು ಬಂದಿದ್ದೇವೆ.

ಸಹಕಾರದ ಮಾತು ಬಂದಾಗ ಕಣಗಿನಹಾಳದ ಹೆಸರು ತೆಗೆಯದೆ ಮುಂದೆ ಹೋಗಬಾರದು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷವೇ, 1905ರಲ್ಲಿ, ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ಆಗ ಗದಗ ನಮ್ಮ ಧಾರವಾಡ ಜಿಲ್ಲೆಯೊಳಗೇ ಇತ್ತು. 1997ರಲ್ಲಿ ಬೇರೆ ಜಿಲ್ಲೆ ಆಯಿತು. ಕಾಯ್ದೆ ಸರಕಾರದ್ದು, ಕೂಡಿ ನಿಂತವರು ಊರವರು. ಊರು ಕೂಡದಿದ್ದರೆ ಆ ಕಾಯ್ದೆ ಬರೀ ಕಾಗದವಾಗಿ ಉಳಿಯುತ್ತಿತ್ತು. ಸರಕಾರದಿಂದ ಹಣ ಕೇಳುವ ಮಾತಿಗೂ ಇದೇ ಲೆಕ್ಕ.

ಈಗ ನಮ್ಮ ಹಳ್ಳದಾಚೆಯ ಹೊಲದ ದಾರಿಯ ಸಂಗತಿ ಹೇಳುತ್ತೇವೆ. ನಿಮಗೆಲ್ಲ ಗೊತ್ತಿದ್ದದ್ದೇ, ಆದರೂ ಈ ಸಂಚಿಕೆ ಓದುವ ಹೊರಗಿನವರಿಗೆ ಗೊತ್ತಾಗಲಿ. ನಮ್ಮ ಕಲಘಟಗಿ ಸೀಮೆ ಅರ್ಧ ಮಲೆನಾಡು, ಅರ್ಧ ಬೆಳವಲ. ಬತ್ತ, ಗೋವಿನಜೋಳ, ಸೋಯಾ, ಹತ್ತಿ, ಕಬ್ಬು ಎಲ್ಲ ಬೆಳೆಯುತ್ತೇವೆ. ಮಳೆ ಹಿಡಿಯಿತೆಂದರೆ ಹಳ್ಳದಾಚೆಗೆ ಚಕ್ಕಡಿ ಸಹ ಹೋಗುತ್ತಿರಲಿಲ್ಲ. ಸೋಯಾ ಒಕ್ಕಣಿ ಆಗಿ ಚೀಲ ತುಂಬಿದರೆ ಟ್ರ್ಯಾಕ್ಟರ್ ಹೊಲದ ತನಕ ಬಾರದು. ಚೀಲಕ್ಕೆ ಇಷ್ಟೆಂದು ಕೂಲಿ ಕೊಟ್ಟು ತಲೆಯ ಮೇಲೆ ಹೊರಿಸಿ ಹಳ್ಳ ದಾಟಿಸಬೇಕು. ಅಷ್ಟರೊಳಗೆ ಒಂದು ಮಳೆ ಬಿದ್ದರೆ ಕಾಳು ಕಪ್ಪಾಗಿ ಪ್ಯಾಟಿಯಲ್ಲಿ ದರ ಬೀಳುತ್ತಿತ್ತು. ಮಾಲಿಗೆ ದರ ಸಿಗದಿದ್ದರೆ ರೈತ ಸಂಘದ ಸಾಲ ಎಲ್ಲಿಂದ ತುಂಬಬೇಕು? ದಾರಿ ಪಂಚಾಯತಿಯ ವಿಷಯ, ಸಂಘಕ್ಕೇನು ಸಂಬಂಧ ಅಂತ ಕೆಲವರು ಕೇಳಿದರು. ಬಾಕಿದಾರರ ಯಾದಿ ತೆಗೆದು ನೋಡಿದಾಗ ಹಳ್ಳದಾಚೆಯ ಹೊಲದವರೇ ಅದರಲ್ಲಿ ಹೆಚ್ಚು ಇದ್ದರು. ಸಂಬಂಧ ಅಲ್ಲೇ ಗೊತ್ತಾಯಿತು.

ನಮ್ಮ ಮೊದಲ ಮನವಿ ಹೇಗಿತ್ತು ಕೇಳಿರಿ. ಯಾವುದೋ ಕಾರ್ಯಕ್ರಮಕ್ಕೆ ದೊಡ್ಡವರು ಬರುತ್ತಾರೆ ಎಂದು ಸುದ್ದಿ ಬಂತು. ಹಿಂದಿನ ರಾತ್ರಿ ಕುಳಿತು ಸಂಘದ ಲೆಟರ್‌ಹೆಡ್ ಮೇಲೆ ಬರೆದೆವು. ಒಂದೇ ಹಾಳೆಯಲ್ಲಿ ಹನ್ನೊಂದು ಬೇಡಿಕೆ. ಹೊಲದ ದಾರಿ, ಗೋದಾಮು, ಕೆರೆಯ ಹೂಳು, ಸಮುದಾಯ ಭವನ, ರುದ್ರಭೂಮಿಗೆ ತಗಡಿನ ಶೆಡ್ಡು, ಗುಡಿಗೆ ಕಂಪೌಂಡು, ಹಿಂಗ ನೆನಪಿಗೆ ಬಂದದ್ದೆಲ್ಲ. ಮಾಲೆ ಹಾಕಿ, ಮನವಿ ಕೊಟ್ಟು, ಫೋಟೋ ತೆಗೆಸಿಕೊಂಡೆವು. ಫೋಟೋ ಉಳಿಯಿತು, ಮನವಿ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಕೊಟ್ಟದ್ದಕ್ಕೆ ನಮ್ಮ ಹತ್ತಿರ ಆವಕ ನಂಬರೂ ಇರಲಿಲ್ಲ, ನಕಲೂ ಇರಲಿಲ್ಲ.

ಆಗ ನಾವು ಸಿಟ್ಟಾಗಿದ್ದು ನಿಜ. ಈಗ ತಿರುಗಿ ನೋಡಿದರೆ ತಪ್ಪು ಎಲ್ಲಿತ್ತು ಅಂತ ಕಾಣುತ್ತದೆ. ಸಂಸದರ ಪ್ರದೇಶಾಭಿವೃದ್ಧಿ ನಿಧಿಯನ್ನೇ ತೆಗೆದುಕೊಳ್ಳಿ. 1993ರ ಡಿಸೆಂಬರ್‌ನಲ್ಲಿ ಈ ಯೋಜನೆ ಸುರುವಾದಾಗ ಒಬ್ಬ ಸಂಸದರಿಗೆ 5 ಲಕ್ಷ ಇತ್ತು. 2011–12ರಿಂದ ವರ್ಷಕ್ಕೆ 5 ಕೋಟಿ ಆಯಿತು. ಕೇಳಲಿಕ್ಕೆ ದೊಡ್ಡ ಮೊತ್ತ. ಆದರೆ ನಮ್ಮ ಧಾರವಾಡ ಲೋಕಸಭಾ ಕ್ಷೇತ್ರದಲ್ಲಿ ನವಲಗುಂದ, ಕುಂದಗೋಳ, ಕಲಘಟಗಿ, ಶಿಗ್ಗಾಂವಿ, ಧಾರವಾಡ ಮತ್ತು ಹುಬ್ಬಳ್ಳಿ–ಧಾರವಾಡದ ಮೂರು, ಹೀಗೆ ಎಂಟು ವಿಧಾನಸಭಾ ಕ್ಷೇತ್ರ ಬರುತ್ತವೆ. ಸಮ ಹಂಚಿದರೆ ಒಂದಕ್ಕೆ 62 ಲಕ್ಷ 50 ಸಾವಿರ. ಅದರಲ್ಲಿ ಎಷ್ಟು ಹಳ್ಳಿ, ಎಷ್ಟು ಸಾಲಿ, ಎಷ್ಟು ದಾರಿ! ಅದೂ ಸಂಸದರ ಕೈಗೆ ಬರುವ ಹಣ ಅಲ್ಲ. ಅವರು ಶಿಫಾರಸು ಮಾಡುತ್ತಾರೆ, ಮಂಜೂರಿ ಜಿಲ್ಲಾಡಳಿತದ್ದು. 2020ರ ಏಪ್ರಿಲ್‌ನಲ್ಲಿ ಕೊರೋನಾ ಕಾಲಕ್ಕೆ ಅದನ್ನು ನಿಲ್ಲಿಸಿದ್ದರು, 2021ರ ನವೆಂಬರ್‌ನಲ್ಲಿ ಮತ್ತೆ ಬಿಟ್ಟರು. ಇಂಥಾದ್ದರೊಳಗ ಹನ್ನೊಂದು ಬೇಡಿಕೆಯ ಹಾಳೆ ಹಿಡಿದುಕೊಂಡು ಹೋದರೆ ಯಾರಾದರೂ ಯಾವುದನ್ನು ಆರಿಸಬೇಕು? ಆರಿಸುವ ಕೆಲಸ ಊರಿನದು. ನಾವು ಅದನ್ನು ಮಾಡಿರಲಿಲ್ಲ.

ಎರಡನೆಯ ಸಲ ಶ್ಯಾಣ್ಯಾರಾದೆವು. ಹೊಲದ ದಾರಿ ಮತ್ತು ಹಳ್ಳಕ್ಕೆ ಪೈಪು ಹಾಕಿ ಒಂದು ಮೋರಿ, ಇಷ್ಟೇ ಬರೆದೆವು. ಕಚೇರಿಗೆ ಹೋಗಿ ಆವಕ ನಂಬರು ಹಾಕಿಸಿಕೊಂಡು ಬಂದೆವು. ಬಹಳ ದಿವಸದ ಮೇಲೆ ಉತ್ತರ ಬಂತು: ದಾರಿಯ ಜಾಗ ಖಚಿತವಿಲ್ಲ, ದಾಖಲೆ ಒದಗಿಸಿರಿ. ನಮಗೆ ಮತ್ತೆ ಸಿಟ್ಟು. ಅಜ್ಜ ಮುತ್ತಜ್ಜರ ಕಾಲದಿಂದ ಓಡಾಡಿದ ದಾರಿಗೆ ಎಂಥಾ ದಾಖಲೆ?

ಗ್ರಾಮ ನಕಾಶೆ ತೆಗೆಸಿದೆವು. ನಕಾಶೆಯೊಳಗೆ ಬಂಡಿ ದಾರಿ ಸರಿಯಾಗಿ ಇತ್ತು. ಹೊಲದಲ್ಲಿ ಇರಲಿಲ್ಲ. ಎರಡು ಚಕ್ಕಡಿ ಎದುರುಬದುರು ಹಾಯುವಂಥ ದಾರಿ, ಒಂದು ಚಕ್ಕಡಿ ಹೋದರೆ ಗಾಲಿ ಬದುವಿಗೆ ತಿಕ್ಕುವಷ್ಟು ಸಣ್ಣದಾಗಿತ್ತು. ವರ್ಷಕ್ಕೊಂದು ಗೇಣು ಬದು ಸರಿದಿತ್ತು. ಮೋಜಣಿ ಮಾಡಿಸಿದಾಗ ಯಾರ ಯಾರ ಹೊಲ ದಾರಿಯೊಳಗೆ ಬಂದದ್ದು ಗೊತ್ತಾಯಿತು. ಮುಚ್ಚಿಡುವುದೇನಿದೆ, ಅದರಲ್ಲಿ ನಮ್ಮ ಹೊಲವೂ ಇತ್ತು. ಸಂಘದ ನಿರ್ದೇಶಕರು ಅಂತ ಸಹಿ ಮಾಡಿ ಮನವಿ ಕೊಟ್ಟವರೂ ನಾವೇ, ದಾರಿಯಲ್ಲಿ ಸೋಯಾ ಬಿತ್ತಿದವರೂ ನಾವೇ.

ಸಂಘದ ಪಡಸಾಲೆಯಲ್ಲಿ ಸಭೆ ಕೂಡಿತು. ದೊಡ್ಡ ಜಗಳವೇ ಆಯಿತು. ಎಲ್ಲರೂ ಸರಕಾರವನ್ನು ಬೈಯುವಾಗ ದಾರಿಯ ತುದಿಗೆ ಎರಡು ಎಕರೆ ಹೊಲ ಇರುವ ಒಬ್ಬ ಅಜ್ಜಿ ಎದ್ದು ನಿಂತಳು. "ದಾರಿ ತಿಂದವರೂ ನೀವ, ದಾರಿ ಕೊಡ್ರಿ ಅಂತ ಅರ್ಜಿ ಬರದವರೂ ನೀವ. ಸರಕಾರ ಯಾರ ಮಾತ ಕೇಳಬೇಕೋ ತಮ್ಮಾ?" ಅಂದಳು. ಸಭೆಯಲ್ಲಿ ಯಾರೂ ಮಾತಾಡಲಿಲ್ಲ. ನಮಗೆ ತಲೆ ಎತ್ತಲಿಕ್ಕೆ ಆಗಲಿಲ್ಲ.

ಮರುದಿನ ಮುಂಜಾನೆ ಮೊದಲು ನಮ್ಮ ಬದುವನ್ನೇ ಕಿತ್ತೆವು. ಇದನ್ನು ದೊಡ್ಡಸ್ತಿಕೆಗೆ ಹೇಳುತ್ತಿಲ್ಲ. ಕೀಳದಿದ್ದರೆ ಬೇರೆಯವರಿಗೆ ಹೇಳಲಿಕ್ಕೆ ಬಾಯಿಯೇ ಇರಲಿಲ್ಲ. ಕೆಲವರು ತಾವಾಗಿ ಬಿಟ್ಟರು. ಕೆಲವರು ಬಿತ್ತಿದ ಪೀಕು ಬರಲಿ ಅಂದರು, ಸುಗ್ಗಿ ತನಕ ಕಾದೆವು. ಇಬ್ಬರು ಮಾತ್ರ ಇವತ್ತಿನ ತನಕ ನಮ್ಮ ಕೂಡ ಮಾತಾಡುವುದಿಲ್ಲ. ಅವರಿಗೂ ಆ ದಾರಿ ಬೇಕಾಗಿತ್ತು, ನಾವು ಹೇಳಿದ ರೀತಿಯಲ್ಲೂ ತಪ್ಪಿರಬಹುದು. ಈ ಸಭೆಯ ಮುಂದೆ ಅವರಿಗೆ ಕೈ ಮುಗಿಯುತ್ತೇವೆ.

ಆಮೇಲೆ ವಿಷಯವನ್ನು ವಾರ್ಡ್ ಸಭೆಯಲ್ಲಿ, ಅಲ್ಲಿಂದ ಗ್ರಾಮ ಸಭೆಯಲ್ಲಿ ಇಟ್ಟು ಠರಾವು ಮಾಡಿಸಿದೆವು. ಗ್ರಾಮ ಸಭೆಯೆಂದರೆ ಬಹಳ ಮಂದಿಗೆ ಮನೆಯ ಯಾದಿ ಓದುವ ಸಭೆ ಅಂತಲೇ ತಿಳಿವಳಿಕೆ. ನಮ್ಮ ರಾಜ್ಯದಲ್ಲಿ 1983ರ ಕಾಯ್ದೆ ಬಂದು, 1987ರಲ್ಲಿ ಜಿಲ್ಲಾ ಪರಿಷತ್ತುಗಳು ಹುಟ್ಟಿದವು. 'ನೀರ್ ಸಾಬ್' ಎಂದು ಹೆಸರಾದ ನಜೀರ್ ಸಾಹೇಬರು ಅಧಿಕಾರ ಹಳ್ಳಿಗೆ ಬರಬೇಕೆಂದು ಹೆಣಗಿದ್ದು ಹಿರಿಯರಿಗೆ ನೆನಪಿರಬೇಕು. ಸಂವಿಧಾನದ 73ನೆಯ ತಿದ್ದುಪಡಿಯ ಮೇಲೆ 1993ರ ಪಂಚಾಯತ್ ರಾಜ್ ಕಾಯ್ದೆ ಬಂತು. ಅಷ್ಟು ಹೋರಾಡಿ ಬಂದ ಸಭೆಗೆ ನಾವು ಹೋಗುವುದಿಲ್ಲ, ಹೋದರೂ ಸಹಿ ಮಾಡಿ ಚಹಾ ಕುಡಿದು ಬರುತ್ತೇವೆ. ಠರಾವು ಬುಕ್ಕಿನಲ್ಲಿ ಒಂದು ಸಾಲು ಬರೆಸಿದರೆ ಅದು ನಾಲ್ಕು ಫೋಟೋಕ್ಕಿಂತ ಗಟ್ಟಿ.

ಮೂರನೆಯ ಮನವಿಗೆ ಐದು ಕಾಗದ ಹಚ್ಚಿದೆವು. ಗ್ರಾಮ ಸಭೆಯ ಠರಾವು. ನಕಾಶೆ ಮತ್ತು ಮೋಜಣಿಯ ನಕಲು. ಬದು ಬಿಟ್ಟವರ ಒಪ್ಪಿಗೆ ಪತ್ರ. ಇಂಜಿನಿಯರರು ಮಾಡಿದ ಅಂದಾಜು ಪತ್ರಿಕೆ. ಊರಿನ ಪಾಲು ಎಷ್ಟು ಅಂತ ಸಂಘದ ಠರಾವು. ಊರಿನ ಪಾಲು ಅಂದರೆ ಪಟ್ಟಿ ಎತ್ತಿದ ಹಣ ಸ್ವಲ್ಪ, ಟ್ರ್ಯಾಕ್ಟರ್ ಇದ್ದವರು ಗರಸು ಹೊಡೆಯುವುದು, ಇಲ್ಲದವರು ಒಂದೊಂದು ಆಳು ಕೊಡುವುದು. ಎಲ್ಲ ಯೋಜನೆಗೂ ಊರಿನ ಪಾಲು ಕಡ್ಡಾಯ ಇರುವುದಿಲ್ಲ. ಕೆಲವಕ್ಕೆ ನಿಯಮವೇ ಐತಿ. 2002ರ ಸ್ವಜಲಧಾರಾ ಯೋಜನೆಯಲ್ಲಿ ನೂರಕ್ಕೆ ಹತ್ತು ಊರಿನವರು ಹಾಕಬೇಕಿತ್ತು. 2019ರಲ್ಲಿ ಸುರುವಾದ ಜಲಜೀವನದಲ್ಲಿಯೂ ಊರೊಳಗಿನ ಕಾಮಗಾರಿಗೆ ಸಾಮಾನ್ಯವಾಗಿ ನೂರಕ್ಕೆ ಹತ್ತು ಎಂದು ನಿಯಮ ಮಾಡಿದರು. ಕಡ್ಡಾಯ ಇರಲಿ ಬಿಡಲಿ, ನಮ್ಮ ಪಾಲು ಬಿದ್ದ ಕೆಲಸವನ್ನು ನಾವು ನಿಂತು ನೋಡುತ್ತೇವೆ. ಗುತ್ತಿಗೆದಾರ ಸಿಮೆಂಟು ಕಡಿಮೆ ಹಾಕಿದರೆ ಕೇಳುವ ಬಾಯಿ ಬರುತ್ತದೆ.

ಇನ್ನು ಯಾವ ಕೆಲಸಕ್ಕೆ ಯಾವ ಬಾಗಿಲು ಅಂತ ತಿಳಿದಿರಬೇಕು. 2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲಿ ಕೂಲಿಗೆ 60, ಸಾಮಾನಿಗೆ 40 ಅಂತ ಪ್ರಮಾಣ ಇತ್ತು. ಮಣ್ಣಿನ ಕೆಲಸ ಅದರಲ್ಲಿ ಹಿಡಿಯಬಹುದಿತ್ತು. ಬರೀ ಪೈಪು, ಕಾಂಕ್ರೀಟು ಅಂದರೆ ಲೆಕ್ಕ ಕೂಡುತ್ತಿರಲಿಲ್ಲ. ಆ ಕಾಯ್ದೆಯ ಜಾಗಕ್ಕೆ 2025ರ ಡಿಸೆಂಬರ್‌ನಲ್ಲಿ ಸಂಸತ್ತು ಹೊಸ ಕಾಯ್ದೆ ಮಾಡಿತು. ಅಂದಮೇಲೆ ಹಳೇ ಅರ್ಜಿ ನಕಲು ಮಾಡಿ ಕೊಟ್ಟರೆ ನಡೆಯುವುದಿಲ್ಲ, ಮೊದಲು ನಿಯಮ ಕೇಳಿಕೊಂಡು ಬರಬೇಕು. 15ನೆಯ ಹಣಕಾಸು ಆಯೋಗದ ಅನುದಾನದಲ್ಲಿ 2021–22ರಿಂದ 2025–26ರ ತನಕ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಟ್ಟದ್ದು. 40 ಭಾಗದಲ್ಲಿ ಮಾತ್ರ ಊರಿನ ಬೇರೆ ಗರಜು. ಇದು ತಿಳಿಯದೆ ಪಂಚಾಯತಿಯವರ ಜೊತೆ ಎಷ್ಟು ಸಲ ಸುಮ್ಮನೆ ಜಗಳ ಆಡಿದ್ದೇವೆ! ಗೋದಾಮಿನ ಮಾತಿಗೆ ಬಂದರೆ, 2020ರಲ್ಲಿ ಬಂದ ಕೃಷಿ ಮೂಲಸೌಕರ್ಯ ನಿಧಿಯಲ್ಲಿ 2 ಕೋಟಿ ತನಕದ ಸಾಲಕ್ಕೆ ಏಳು ವರ್ಷ ನೂರಕ್ಕೆ 3ರಂತೆ ಬಡ್ಡಿ ಸಹಾಯ. ಅದು ಸಾಲ, ಪುಕ್ಕಟೆ ಅನುದಾನ ಅಲ್ಲ. ತೆಗೆದುಕೊಂಡರೆ ತುಂಬಬೇಕು. ನಮ್ಮ ಸಂಘ ಇನ್ನೂ ತೆಗೆದುಕೊಂಡಿಲ್ಲ, ಯಾಕೆಂದರೆ ವರ್ಷಕ್ಕೆ ಎಷ್ಟು ಚೀಲ ಇಡುತ್ತೀರಿ ಎಂಬ ಲೆಕ್ಕ ನೀವು ಸದಸ್ಯರು ಇನ್ನೂ ಕೊಟ್ಟಿಲ್ಲ.

ಕೊಟ್ಟ ಮನವಿಯ ಬೆನ್ನು ಹತ್ತಬೇಕು. ಬೆನ್ನು ಹತ್ತುವುದು ಅಂದರೆ ಸಾಹೇಬರ ಮನೆಗೆ ಹೋಗುವುದಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆ ಐತಿ. ಹತ್ತು ರೂಪಾಯಿ ಫೀ, ಮೂವತ್ತು ದಿವಸದೊಳಗೆ ಉತ್ತರ. ನಮ್ಮ ರಾಜ್ಯದ ನಿಯಮದಂತೆ ಅರ್ಜಿಗೆ ಒಂದೇ ವಿಷಯ ಇರಬೇಕು, ಸಾಮಾನ್ಯವಾಗಿ 150 ಶಬ್ದದ ಒಳಗೆ ಇರಬೇಕು. ಇಷ್ಟನೆಯ ನಂಬರಿನ ನಮ್ಮ ಮನವಿ ಈಗ ಯಾರ ಟೇಬಲ್ ಮೇಲೆ ಐತಿ, ಏನು ಕ್ರಮ ಆಗೇತಿ, ಇಷ್ಟು ಕೇಳಿದರೆ ಸಾಕು. ಬೈಗುಳ ಬೇಡ.

ಮನವಿ ಕೊಡುವುದು ಭಿಕ್ಷೆ ಬೇಡಿದಂತೆ ಅಂತ ನಮ್ಮ ತರುಣರು ಕೆಲವರು ಹೇಳುತ್ತಾರೆ. ಅಲ್ಲ. 1980ರಲ್ಲಿ ನವಲಗುಂದ, ನರಗುಂದದ ರೈತರು ನೀರಿನ ಕರದ ವಿರುದ್ಧ ಎದ್ದು ನಿಂತು ಪ್ರಾಣ ಕೊಟ್ಟರು. ಸರಕಾರದ ಮುಂದೆ ತಲೆ ಎತ್ತಿ ಕೇಳಬಹುದು ಅಂತ ನಮ್ಮ ಜಿಲ್ಲೆಗೆ ಅವರು ಕಲಿಸಿದ್ದಾರೆ. ಬೆಂಕಿಪೊಟ್ಟಣ ಕೊಂಡರೂ ನಾವು ತೆರಿಗೆ ಕಟ್ಟುತ್ತೇವೆ. ಕೇಳುವುದು ಹಕ್ಕು. ಆದರೆ ಹಕ್ಕಿನಿಂದ ಕೇಳುವವನ ಕೈ ಚೊಕ್ಕ ಇರಬೇಕು, ಅಷ್ಟೇ.

ಕಡೆಗೆ ದಾರಿ ಏನಾಯಿತು? ಎರಡು ಕಂತಿನಲ್ಲಿ ಕೆಲಸ ಆಯಿತು. ಮಣ್ಣು ಬಿತ್ತು, ಹಳ್ಳಕ್ಕೆ ಪೈಪು ಬಂದವು. ಕಡೆಯ ತುಂಡಿಗೆ ಇನ್ನೂ ಗರಸು ಬಿದ್ದಿಲ್ಲ. ಆದರೆ ಹೋದ ಸುಗ್ಗಿಗೆ ಆ ಅಜ್ಜಿಯ ಹೊಲದ ಬದುವಿಗೇ ಟ್ರ್ಯಾಕ್ಟರ್ ಹೋಗಿ ನಿಂತಿತು. ಆಕೆ ಸಂಘದ ಬಾಕಿ ಪೂರಾ ತುಂಬಿದಳು.

ಒಂದು ಮಾತು ಉಳಿಯಿತು. ಪೈಪು ಹಾಕಿದ ಎರಡನೆಯ ಮಳೆಗಾಲಕ್ಕೆ ಕಸ, ಮುಳ್ಳುಕಂಟಿ ಸಿಕ್ಕು ನೀರು ದಾರಿಯ ಮೇಲೆ ಹರಿದು ಒಂದು ಮಗ್ಗಲು ಕೊಚ್ಚಿತು. ಆಗಲೂ ನಮ್ಮಲ್ಲಿ ಒಬ್ಬರು ಮನವಿ ಬರೆಯೋಣ ಅಂದರು! ಕಸ ತೆಗೆಯಲಿಕ್ಕೂ ಬೆಂಗಳೂರಿಗೆ ಬರೆಯಬೇಕೇನು? ಪ್ರತಿ ವರ್ಷ ರೋಹಿಣಿ ಮಳೆಯ ಮೊದಲು ಮನೆಗೊಂದು ಆಳು ಹೋಗಿ ಪೈಪು ಚೊಕ್ಕ ಮಾಡುವುದೆಂದು ಮಹಾಸಭೆಯಲ್ಲಿ ಠರಾವು ಮಾಡಬೇಕು. ಲಾಭದಲ್ಲಿ ಕಾಯ್ದೆಯಂತೆ ಕಾಯ್ದಿಟ್ಟ ನಿಧಿಗೆ ಹೋಗಬೇಕಾದ ನೂರಕ್ಕೆ 25ಕ್ಕೆ ಕೈ ಹಚ್ಚದೆ, ಉಪನಿಯಮದ ಮಿತಿಯೊಳಗೆ ಸ್ವಲ್ಪ ಹಣ ಇಂಥ ದುರಸ್ತಿಗೆ ತೆಗೆದಿಡಲು ಬರುತ್ತದೋ ಹೇಗೆ ಎಂಬುದನ್ನು ಹೊಸ ಆಡಳಿತ ಮಂಡಳಿಯವರು ವಿಚಾರಿಸಬೇಕು ಎಂದು ಈ ವೇದಿಕೆಯಿಂದಲೇ ವಿನಂತಿಸುತ್ತೇವೆ.

ಮುಂದಿನ ಮನವಿ ಕೆರೆಯ ಹೂಳಿನದು ಅಂತ ಎಲ್ಲರೂ ಹೇಳುತ್ತಿದ್ದೀರಿ. ಒಳ್ಳೇದು. ಬರೆಯೋಣ. ಆದರೆ ಅದಕ್ಕೂ ಮೊದಲು ನಕಾಶೆ ತೆಗೆಸಿ, ಕೆರೆಯ ಅಂಗಳದಲ್ಲಿ ಯಾರ ಯಾರ ಪೀಕು ನಿಂತಿದೆ ಎಂದು ನೋಡಿಕೊಂಡು ಬರೋಣ. ನಮ್ಮದು ಇದ್ದರೆ ಮೊದಲು ನಮ್ಮದನ್ನು ತೆಗೆಯೋಣ.



ಜೈ ಸಹಕಾರ. ಜೈ ಕರ್ನಾಟಕ.