ಅಂಕಿಯ ಜೊತೆ ಅರ್ಥವೂ ದಾಟಲಿ



ಸಂಖ್ಯಾಶಾಸ್ತ್ರದ ತಂತ್ರಾಂಶದಲ್ಲಿ ಸಿದ್ಧವಾದ ಫಲಿತಾಂಶವನ್ನು ಎಕ್ಸೆಲ್ ಫೈಲಿಗೆ ಇಳಿಸುವುದು ಇಂದಿನ ವಿಚಾರ ಸಂಕಿರಣದ ವಿಷಯ. ಒಂದು ಗುಂಡಿ ಒತ್ತಿದರೆ ಮುಗಿಯುವ ಕೆಲಸಕ್ಕೆ ಇಡೀ ದಿನ ಏಕೆ ಎಂದು ಯಾರಾದರೂ ಕೇಳಬಹುದು. ನಮ್ಮಲ್ಲಿ ಲೆಕ್ಕ ಮಾಡುವವರು ಎಸ್‌ಪಿಎಸ್‌ಎಸ್, ಆರ್ ಅಥವಾ ಸ್ಟಾಟಾ ಬಳಸುತ್ತಾರೆ. ಆ ಲೆಕ್ಕವನ್ನು ಓದುವ ಕಚೇರಿಗಳಲ್ಲಿ, ಸಹಕಾರ ಸಂಘಗಳಲ್ಲಿ ಇರುವುದು ಬಹುಮಟ್ಟಿಗೆ ಎಕ್ಸೆಲ್ ಒಂದೇ. ಮಳೆ, ಬೆಳೆ, ಜಾನುವಾರುಗಳ ಬಗ್ಗೆ ಅಲ್ಲಿ ಮಾತು ನಡೆಯುವುದು ಆ ಹಾಳೆಯನ್ನು ಮುಂದಿಟ್ಟುಕೊಂಡೇ. ಅಂಕಿ ಈ ದಡದಿಂದ ಆ ದಡಕ್ಕೆ ದಾಟಿ, ಅರ್ಥ ಇಲ್ಲೇ ಉಳಿದುಬಿಟ್ಟರೆ ನಮ್ಮ ಶ್ರಮವೆಲ್ಲ ನೀರುಪಾಲು.

ಒಂದು ಸಣ್ಣ ಲೆಕ್ಕ ನೋಡೋಣ. ನಮ್ಮ ದಾವಣಗೆರೆ ಜಿಲ್ಲೆಯ ಚನ್ನಗಿರಿಯ ಒಂದು ಹಳ್ಳಿಯಲ್ಲಿ ಹತ್ತು ಮನೆಗಳ ಸಮೀಕ್ಷೆ ಮಾಡಿದೆವು ಎಂದುಕೊಳ್ಳಿ. ಎಂಟು ಮನೆಯವರು ತಲಾ ಎರಡು ಹಸು ಇವೆ ಎಂದರು. ಎರಡು ಮನೆಯವರು ಉತ್ತರಿಸಲಿಲ್ಲ, ಅವರ ಎದುರು 99 ಎಂದು ಬರೆದೆವು. 99 ಎಂದರೆ ಉತ್ತರವಿಲ್ಲ ಎಂದು ಎಸ್‌ಪಿಎಸ್‌ಎಸ್‌ಗೆ ಮೊದಲೇ ಹೇಳಿದ್ದರಿಂದ ಅಲ್ಲಿ ಸರಾಸರಿ 2 ಬಂತು. ಅದೇ ದತ್ತಾಂಶ ಎಕ್ಸೆಲ್‌ಗೆ ಇಳಿದಾಗ 99 ಬರೀ ಅಂಕಿಯಾಗುತ್ತದೆ. ಈಗ ಸರಾಸರಿ 21.4! ಹಸು ಒಂದೂ ಹೆಚ್ಚಲಿಲ್ಲ, ದಾಟುವ ದಾರಿಯಲ್ಲಿ ವಿವರಣೆ ಬಿದ್ದುಹೋಯಿತು, ಅಷ್ಟೇ.

ಜಗಳೂರಿನಂಥ ಬರದ ಸೀಮೆಯಲ್ಲಿ ಇದು ಇನ್ನೂ ಸೂಕ್ಷ್ಮ. ಮಳೆ ಬಾರದ ದಿನ ಬೇರೆ, ಮಳೆ ಅಳೆಯದ ದಿನ ಬೇರೆ. ಆರ್ ತಂತ್ರಾಂಶ ಮೊದಲನೆಯದನ್ನು ಸೊನ್ನೆ ಎಂದೂ ಎರಡನೆಯದನ್ನು ಎನ್‌ಎ ಎಂದೂ ಇಟ್ಟುಕೊಳ್ಳುತ್ತದೆ. ಆ ಎನ್‌ಎ ಎಕ್ಸೆಲ್‌ಗೆ ಬರುವಾಗ ಖಾಲಿ ಸೆಲ್ ಆಯಿತೆನ್ನಿ. ಖಾಲಿ ಬಿಡುವುದು ಚೆನ್ನಾಗಿ ಕಾಣದೆಂದು ಯಾರೋ ಅಲ್ಲಿ ಸೊನ್ನೆ ತುಂಬುತ್ತಾರೆ. ಎಕ್ಸೆಲ್‌ನ ಸರಾಸರಿ ಸೂತ್ರ ಖಾಲಿ ಸೆಲ್ಲನ್ನು ಬಿಡುತ್ತದೆ, ಸೊನ್ನೆಯನ್ನು ಎಣಿಸುತ್ತದೆ. ಅಳೆಯದ ಮಳೆ ಹೀಗೆ ಬಾರದ ಮಳೆಯಾಗುತ್ತದೆ.

ಹೊನ್ನಾಳಿ, ನ್ಯಾಮತಿಯ ಕಥೆ ಗಡಿಯದು. 2017-18ರ ಬಜೆಟ್‌ನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ನ್ಯಾಮತಿಯೂ ಒಂದು. 2011ರ ಜನಗಣತಿಯಲ್ಲಿ ಅದು ಹೊನ್ನಾಳಿಯೊಳಗೇ ಇದೆ. ಎರಡು ಕಾಲದ ಅಂಕಿಗಳನ್ನು ಟಿಪ್ಪಣಿ ಇಲ್ಲದೆ ಅಕ್ಕಪಕ್ಕ ಇಳಿಸಿದರೆ ಹೊನ್ನಾಳಿಯ ಜನ ಗುಳೆ ಹೋದಂತೆಯೂ ನ್ಯಾಮತಿ ರಾತ್ರೋರಾತ್ರಿ ಹುಟ್ಟಿದಂತೆಯೂ ಕಾಣುತ್ತದೆ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಹಿಂದಿನ ಅಂಕಿ ಬೇಕಾದರೆ ಚನ್ನಗಿರಿ, ಹೊನ್ನಾಳಿಯನ್ನು ಶಿವಮೊಗ್ಗದ ಪುಸ್ತಕದಲ್ಲೂ ಜಗಳೂರನ್ನು ಚಿತ್ರದುರ್ಗದ ಪುಸ್ತಕದಲ್ಲೂ ಹುಡುಕಬೇಕು.

ಹೆಸರುಗಳ ತೊಡಕೂ ಇದೆ. ಒಂದು ಫೈಲಿನಲ್ಲಿ ಚನ್ನಗಿರಿ, ಇನ್ನೊಂದರಲ್ಲಿ ಚೆನ್ನಗಿರಿ ಎಂದಿದ್ದರೆ ಕಂಪ್ಯೂಟರಿಗೆ ಅವು ಎರಡು ಊರು. ಆದ್ದರಿಂದ ಹೆಸರಿನ ಬದಲು ಸಂಕೇತ ಬಳಸುತ್ತೇವೆ. ಆದರೆ 2011ರ ಜನಗಣತಿಯ ತಾಲ್ಲೂಕು ಸಂಕೇತಗಳು ಸೊನ್ನೆಯಿಂದ ಆರಂಭವಾಗುತ್ತವೆ. ಎಕ್ಸೆಲ್ ಅವನ್ನು ಸಂಖ್ಯೆ ಎಂದು ಓದಿ ಮೊದಲಿನ ಸೊನ್ನೆಯನ್ನು ತಿಂದುಹಾಕುತ್ತದೆ.

ಇಂಥ ತಪ್ಪು ದೊಡ್ಡ ದೇಶಗಳನ್ನೂ ಬಿಟ್ಟಿಲ್ಲ. 2020ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು 16,000 ಕೋವಿಡ್ ಪ್ರಕರಣಗಳು ದೈನಂದಿನ ವರದಿಯಿಂದ ಬಿಟ್ಟುಹೋದವು. ಮಾಹಿತಿಯನ್ನು ತುಂಬಿದ್ದು ಎಕ್ಸೆಲ್‌ನ ಹಳೆಯ ಮಾದರಿಯ ಫೈಲಿಗೆ, ಅದರಲ್ಲಿ ಹಿಡಿಸುವುದು 65,536 ಸಾಲು ಮಾತ್ರ. ಉಳಿದವು ಸದ್ದಿಲ್ಲದೆ ಹೊರಗುಳಿದವು. ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸ ಇದರಿಂದ ತಡವಾಯಿತು.

ಹಾಗಾಗಿ ಈ ಸಂಕಿರಣದಿಂದ ಐದು ರೂಢಿಗಳು ಹೊರಬರಲಿ ಎಂಬುದು ನನ್ನ ಆಶಯ. ಒಂದು, ಕೋಷ್ಟಕವನ್ನು ಕೈಯಿಂದ ಕಾಪಿ ಮಾಡಿ ಅಂಟಿಸುವುದನ್ನು ಬಿಡೋಣ. ಸ್ಟಾಟಾದಲ್ಲಿ ಪುಟ್‌ಎಕ್ಸೆಲ್, ಆರ್‌ನಲ್ಲಿ ಓಪನ್‌ಎಕ್ಸ್‌ಎಲ್‌ಎಸ್‌ಎಕ್ಸ್, ಎಸ್‌ಪಿಎಸ್‌ಎಸ್‌ನಲ್ಲಿ ಸಿಂಟ್ಯಾಕ್ಸ್ ಇವೆ. ಆದೇಶ ಬರೆದಿಟ್ಟರೆ ಮುಂದಿನ ವರ್ಷ ಮತ್ತೊಬ್ಬರು ಅದೇ ದಾರಿಯಲ್ಲಿ ನಡೆದು ಪರೀಕ್ಷಿಸಬಹುದು. ಎರಡು, ಪ್ರತಿ ಫೈಲಿನ ಮೊದಲ ಶೀಟಿಗೆ ‘ವಿವರ’ ಎಂದು ಹೆಸರಿಡೋಣ. ಅಂಕಿಯ ಮೂಲ, ದಿನಾಂಕ, ಸಂಕೇತಗಳ ಅರ್ಥ, ಯಾವ ವರ್ಷದ ತಾಲ್ಲೂಕು ಗಡಿ, ಎಲ್ಲವೂ ಅಲ್ಲಿರಲಿ. ಮೂರು, ಸಂಕೇತದ ಕಾಲಂ ಅಕ್ಷರ ರೂಪದಲ್ಲೇ ಇರಲಿ. ನಾಲ್ಕು, ಕನ್ನಡದ ಹೆಸರುಗಳು ಯೂನಿಕೋಡ್‌ನಲ್ಲೇ ಇರಲಿ. ಐದು, ಇಳಿಸುವ ಮೊದಲು ಮತ್ತು ಇಳಿಸಿದ ಮೇಲೆ ಸಾಲುಗಳ ಸಂಖ್ಯೆ, ಒಟ್ಟು ಮೊತ್ತ ಎರಡನ್ನೂ ತಾಳೆ ನೋಡೋಣ.

ವಿದ್ಯಾರ್ಥಿ ಮಿತ್ರರೇ, ಬಿಸಿಲಲ್ಲಿ ಊರೂರು ಅಲೆದು ಮಾಹಿತಿ ತಂದವರು ನೀವು. ಮನೆಯ ಜಗಲಿಯ ಮೇಲೆ ಕೂರಿಸಿ, ಕೆಲಸ ಬಿಟ್ಟು ಉತ್ತರ ಕೊಟ್ಟವರು ರೈತರು. ಅವರು ಹೇಳಿದ್ದು ಹೇಳಿದ ಹಾಗೆಯೇ ಕೊನೆಯ ಹಾಳೆಯವರೆಗೆ ತಲುಪಬೇಕು. ಇವತ್ತು ಸಂಜೆ ಮನೆಗೆ ಹೋದ ಮೇಲೆ ನಿಮ್ಮದೇ ಒಂದು ಹಳೆಯ ಫೈಲ್ ತೆರೆಯಿರಿ, ಅದಕ್ಕೊಂದು ‘ವಿವರ’ದ ಶೀಟ್ ಸೇರಿಸಿ. ಕೆಲಸ ಅಲ್ಲಿಂದಲೇ ಶುರುವಾಗಲಿ.