‘ಅಂತೆ’ಯನ್ನು ನುಂಗಬೇಡಿ

ಸಂಜೆ ಅಮೃತಹಳ್ಳಿ ಕೆರೆಯ ಕಡೆ ನಡೆಯಲು ಹೊರಟರೆ ತಾಯಂದಿರು ನನ್ನನ್ನು ತಡೆದು ನಿಲ್ಲಿಸಿ ಕೇಳುವುದು ಒಂದೇ. ‘ಮಿಸ್, ನಮ್ಮ ಹುಡುಗಿಗೆ ಕಥೆಯೆಲ್ಲ ಬಾಯಿಪಾಠ. ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹೇಳ್ತಾಳೆ. ಆದ್ರೂ ಗದ್ಯದ ಪ್ರಶ್ನೇಲಿ 3 ಅಂಕಕ್ಕೆ ಒಂದೂವರೆ ಯಾಕೆ?’ ಸಹಕಾರನಗರದಲ್ಲಿ ಪಿ.ಜಿ. ಹಿಡಿದು ಯುಪಿಎಸ್‌ಸಿಗೆ ಓದುತ್ತಿರುವ ಹುಡುಗನೊಬ್ಬನದೂ ಇದೇ ರಾಗ. ಅವನದು ಕನ್ನಡ ಐಚ್ಛಿಕ. ಅಲ್ಲಿ 3ರ ಬದಲು 10 ಅಂಕ, 150 ಪದಗಳ ಮಿತಿ. ಕೇಳುಗರು ಬರೆದ ಪತ್ರಗಳಲ್ಲೂ ಅದೇ ಗೋಳು.

ನೇರವಾಗಿ ಹೇಳಿಬಿಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಕಥೆ ಗೊತ್ತಿರುವುದೇ ತೊಂದರೆ.

ದೇವನೂರ ಮಹಾದೇವರ ‘ಒಡಲಾಳ’ವನ್ನೇ ತೆಗೆದುಕೊಳ್ಳಿ. ಯುಪಿಎಸ್‌ಸಿಯವರು ಅದನ್ನು ‘ಬೆಟ್ಟದ ಜೀವ’, ‘ಮಾಧವಿ’ಗಳ ಜೊತೆ ಪಠ್ಯಕ್ಕೆ ಇಟ್ಟಿದ್ದಾರೆ. ಕದ್ದು ತಂದ ಕಡಲೆಕಾಯಿಯನ್ನು ಸಾಕವ್ವನ ಮನೆಮಂದಿಯೆಲ್ಲ ಕೂತು ತಿನ್ನುವ ರಾತ್ರಿ ಅದರಲ್ಲಿದೆ. ಆ ಭಾಗ ಕೊಟ್ಟು ಬರೆಯಿರಿ ಎಂದರೆ ಪಿ.ಜಿ. ಹುಡುಗ ಬರೆದದ್ದು ಮೂರು ಮಾತು: ಶೋಷಣೆ, ಬಡತನ, ಪೊಲೀಸರ ದೌರ್ಜನ್ಯ. ಪೊಲೀಸರು ಬರುವುದು ಆಮೇಲೆ ಕಣಪ್ಪಾ! ಅವನಿಗೆ ಗೊತ್ತು, ಯಾಕೆಂದರೆ ಅವನು ಮುಂದಿನ ಪುಟ ಓದಿದ್ದಾನೆ. ತಿನ್ನುತ್ತ ಕೂತವರು ಓದಿಲ್ಲ. ಆ ಹೊತ್ತಿನಲ್ಲಿ ಆ ಮನೆಯಲ್ಲಿ ಇರುವುದು ಹಿಗ್ಗು. ನಾಳಿನ ಪೊಲೀಸರನ್ನು ಇವತ್ತಿನ ರಾತ್ರಿಗೇ ಎಳೆದುತಂದರೆ ಆ ಹಿಗ್ಗು ಕಾಣುವುದಾದರೂ ಹೇಗೆ? ಹಸಿವನ್ನು ಬಲ್ಲ ಮನೆಯಲ್ಲಿ ಕಡಲೆಕಾಯಿ ಹಬ್ಬವಾಗುತ್ತದೆ ಎಂದು ಬರೆದಿದ್ದರೆ ಬಡತನವೂ ಅದರಲ್ಲೇ ಬಂದುಬಿಡುತ್ತಿತ್ತು.

ಹಾಗಾದರೆ ಕೊಟ್ಟ ಭಾಗದಲ್ಲಿ ಏನನ್ನು ನೋಡಬೇಕು? ಇದಕ್ಕೆ ಎರಡು ನಿಮಿಷ ಎಂದುಕೊಂಡು ಬಂದಿದ್ದೆ, ಸ್ವಲ್ಪ ಹೆಚ್ಚೇ ಆಗಬಹುದು. ನಾಲ್ಕು ಸಾಲು ನಾನೇ ಕಟ್ಟಿಕೊಂಡಿದ್ದೇನೆ, ಕೇಳಿ:

‘ಕೆರೆ ಏರಿಯ ಮೇಲೆ ನಿಂಗಮ್ಮ ನಿಂತಿದ್ದಳು. ಕಡೇ ಬಸ್ಸೂ ಹೋಗಿಬಿಟ್ಟಿತು. ಮಗನಿಗೆ ಪೇಟೆಯಲ್ಲಿ ದೊಡ್ಡ ಕೆಲಸವಂತೆ. ಈ ಹಬ್ಬಕ್ಕಾದರೂ ಬಂದೇ ಬರುತ್ತಾನೆ.’

ನಿಂಗಮ್ಮನ ಮನಸ್ಸನ್ನು ವಿವರಿಸಿ ಎಂದರೆ ಹತ್ತಕ್ಕೆ ಒಂಬತ್ತು ಮಕ್ಕಳು ಬರೆಯುವುದು: ‘ಮಗ ದೊಡ್ಡ ಕೆಲಸದಲ್ಲಿದ್ದಾನೆ, ಹಬ್ಬಕ್ಕೆ ಬರುತ್ತಾನೆ, ತಾಯಿಗೆ ಅವನ ಮೇಲೆ ಅಪಾರ ನಂಬಿಕೆ ಎಂದು ಲೇಖಕರು ಹೇಳಿದ್ದಾರೆ.’ ಲೇಖಕರು ಎಲ್ಲಿ ಹೇಳಿದರು? ಪದಗಳ ಬಾಲ ನೋಡಿ. ‘ಬಸ್ಸೂ’ ಎಂಬಲ್ಲಿ ಒಂದು ‘ಊ’ ಇದೆ. ಹಿಂದಿನ ಬಸ್ಸುಗಳೂ ಮಗನಿಲ್ಲದೆ ಬಂದು ಹೋಗಿವೆ. ಅಂದರೆ ಅವಳು ಎಷ್ಟೋ ಹೊತ್ತಿನಿಂದ ಅಲ್ಲೇ ನಿಂತಿದ್ದಾಳೆ. ‘ಹೋಯಿತು’ ಎಂದಿದ್ದರೆ ಅದು ಬಸ್ಸಿನ ಸುದ್ದಿ, ‘ಹೋಗಿಬಿಟ್ಟಿತು’ ಎಂದಾಗ ಅವಳ ಸಂಕಟ. ‘ಹಬ್ಬಕ್ಕಾದರೂ’ ಎನ್ನುವಲ್ಲಿ ಅವನು ತಪ್ಪಿಸಿಕೊಂಡ ಹಿಂದಿನ ಮದುವೆ, ತಿಥಿ, ಜಾತ್ರೆಗಳೆಲ್ಲ ಸೇರಿಕೊಂಡಿವೆ. ‘ಬಂದೇ’ ಎಂಬ ‘ಏ’ ನಂಬಿಕೆಯದಲ್ಲ. ಗಟ್ಟಿಯಾಗಿ ನಂಬಿದವರು ಹಾಗೆ ಒತ್ತಿ ಹೇಳುವುದಿಲ್ಲ.

ಉಳಿದದ್ದು ‘ಅಂತೆ’. ಕೆಲಸ ದೊಡ್ಡದು ಎಂದವರು ಯಾರು? ಮಗನೋ, ಪಕ್ಕದ ಮನೆಯವರೋ, ಕಾಗದ ಓದಿ ಹೇಳಿದವರೋ, ಗೊತ್ತಿಲ್ಲ. ಕಥೆ ಹೇಳುವವನು ಮಾತ್ರ ಆ ಮಾತಿಗೆ ಜಾಮೀನು ನಿಂತಿಲ್ಲ, ‘ಅಂತೆ’ ಎಂದು ಪಕ್ಕಕ್ಕೆ ಸರಿದಿದ್ದಾನೆ. ಕೊನೆಯ ವಾಕ್ಯಕ್ಕೂ ಉದ್ಧರಣ ಚಿಹ್ನೆ ಇಲ್ಲ, ‘ಎಂದುಕೊಂಡಳು’ ಎಂಬುದೂ ಇಲ್ಲ. ನಿರೂಪಕನ ವಾಕ್ಯದ ಅಂಗಿ ತೊಟ್ಟು ನಿಂಗಮ್ಮನೇ ಮಾತಾಡುತ್ತಿದ್ದಾಳೆ. ಯಾರ ಮಾತು ಇದು? ಪ್ರತಿ ಸಾಲಿಗೂ ಇದೊಂದನ್ನು ಕೇಳಿಕೊಳ್ಳಿ. ಮತ್ತೆ ಹೇಳುತ್ತೇನೆ: ಯಾರ ಮಾತು?

ಇದೇನೂ ಎಂ.ಎ. ಓದಿದವರ ವಿದ್ಯೆಯಲ್ಲ. ನಮ್ಮ ಬೀದಿಯಲ್ಲಿ ‘ಟ್ಯಾಂಕರ್ ಬರುತ್ತೆ’ ಎಂದರೆ ಬಕೆಟ್ ಹೊರಗಿಡುತ್ತೇವೆ. ‘ಟ್ಯಾಂಕರ್ ಬರುತ್ತಂತೆ’ ಎಂದರೆ ಇನ್ನೊಬ್ಬನಿಗೂ ಫೋನ್ ಮಾಡುತ್ತೇವೆ. ರಸ್ತೆಯಲ್ಲಿ ಇಷ್ಟು ಚುರುಕಾದ ಕಿವಿ ಪರೀಕ್ಷಾ ಕೊಠಡಿಯಲ್ಲಿ ಯಾಕೆ ಮುಚ್ಚಿಕೊಳ್ಳುತ್ತದೋ!

ದ್ವಿತೀಯ ಪಿಯುಸಿಯಲ್ಲಿ ದೀರ್ಘಗದ್ಯವಾಗಿ ಎಷ್ಟೋ ಮಕ್ಕಳು ಓದಿರುವ ತೇಜಸ್ವಿಯವರ ‘ಕೃಷ್ಣೇಗೌಡನ ಆನೆ’ಯಲ್ಲೂ ಇದೇ ಎಡವಟ್ಟು. ಊರಿನ ತಾಪತ್ರಯವೆಲ್ಲ ಆನೆಯ ತಲೆಗೆ ಬರುತ್ತದೆ. ಕಂಡವರೆಷ್ಟು, ಬರೀ ಕೇಳಿದವರೆಷ್ಟು ಎಂದು ವಿಂಗಡಿಸದೆ ‘ಆನೆ ಊರಿಗೆ ಕಾಟ ಕೊಡುತ್ತಿತ್ತು’ ಎಂದು ಬರೆದುಬಿಡುತ್ತಾರೆ. ಕೊಡುತ್ತಿತ್ತಂತೆ! ಆ ‘ಅಂತೆ’ ಬಿದ್ದುಹೋದರೆ ಕಥೆಯ ನಗುವೂ ಬಿದ್ದುಹೋಯಿತು.

ಇನ್ನು ಪ್ರಶ್ನೆಪತ್ರಿಕೆಯಲ್ಲಿ ಬರೆಯಿರಿ ಎಂದು ಕೇಳುವ ಸ್ವಾರಸ್ಯ. ‘ಈ ಮಾತು ಅತ್ಯಂತ ಸ್ವಾರಸ್ಯಪೂರ್ಣವಾಗಿ ಮೂಡಿಬಂದಿದೆ’ ಎಂಬ ಸಾಲನ್ನು ಮೌಲ್ಯಮಾಪನದಲ್ಲಿ ಓದಿ ಓದಿ ಕಣ್ಣು ಮಂಜಾಗಿದೆ. ಊಟ ಹೇಗಿತ್ತು ಎಂದರೆ ಊಟ ಊಟದಂತಿತ್ತು ಎಂದ ಹಾಗೆ. ನಾನೂ ಹುಡುಗಿಯಾಗಿದ್ದಾಗ ಹಾಗೇ ಬರೆದವಳು. ನಮ್ಮ ಮೇಷ್ಟ್ರೊಬ್ಬರು ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಎಲ್ಲಿ?’ ಎಂದಷ್ಟೇ ಬರೆದು ಅರ್ಧ ಅಂಕ ಕೊಟ್ಟಿದ್ದರು. ಆ ‘ಎಲ್ಲಿ?’ಗೆ ಉತ್ತರವಾಗಿ ಗದ್ಯಭಾಗದ ಒಂದು ಪದವನ್ನು ಬೆರಳಿಟ್ಟು ತೋರಿಸಿ, ಸಾಕು. ಪುಟ ತುಂಬಿಸಿದರೆ ಅಂಕ ಬೀಳುತ್ತದೆ, ಹೆಚ್ಚುವರಿ ಹಾಳೆ ಕಟ್ಟಿದರೆ ಇನ್ನೂ ಬೀಳುತ್ತದೆ ಎಂಬ ಮಾತನ್ನು ಯಾರು ಹಬ್ಬಿಸಿದರೋ. 3 ಅಂಕಕ್ಕೆ ಒಂದೂವರೆ ಪುಟ ಬರೆದು ಕೊನೆಯ ಪ್ರಬಂಧಕ್ಕೆ ಹೊತ್ತಿಲ್ಲದೆ ಅತ್ತವರನ್ನು ಕಂಡಿದ್ದೇನೆ.

ಭಾಷೆ, ಉಪಮೆ, ಪರಿಸರ ವರ್ಣನೆ ಎಂದು ಇನ್ನೂ ಮೂರು ವಿಷಯ ಚೀಟಿಯಲ್ಲಿದ್ದವು, ನಿಂಗಮ್ಮನ ಬಸ್ಸು ಎಲ್ಲವನ್ನೂ ನುಂಗಿತು. ಬೇರೆ ಒಂದು ಮಾತು ಹೇಳಿ ಮುಗಿಸುತ್ತೇನೆ. ಬೋರ್ಡ್ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಓದಲಿಕ್ಕೆಂದೇ ಮೊದಲ 15 ನಿಮಿಷ ಕೊಡುತ್ತಾರಲ್ಲ, ಆಗ ಗದ್ಯಭಾಗವನ್ನು ಎರಡು ಸಲ ಓದಿ. ಮೊದಲನೆಯದು ಕಥೆಗೆ. ಎರಡನೆಯ ಸಲ ಪೆನ್ಸಿಲ್ ಹಿಡಿದು ‘ಅಂತೆ’, ‘ಆದರೂ’, ‘ಊ’, ‘ಏ’, ‘ಬಿಟ್ಟಿತು’ಗಳ ಕೆಳಗೆ ಒಂದೊಂದು ಗೆರೆ. ಉತ್ತರವನ್ನು ಆ ಗೆರೆಗಳಿಂದಲೇ ಶುರುಮಾಡಿ. ಲೇಖಕರ ಹುಟ್ಟೂರು, ಪ್ರಶಸ್ತಿಗಳನ್ನು ಕೇಳಿದ್ದರೆ ಮಾತ್ರ ಬರೆಯಿರಿ.