ಈ ಚೆಂಡು ಯಾರಿಗೆ?



ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಹಳ್ಳಿಗಳಿಂದ ಬಂದೀರಿ. ಹೊಲದ ಕೆಲಸ, ಮನೆಗೆಲಸ ಮುಗಿಸಿ ಬಂದೀರಿ. ಹೆಬ್ಬೆಟ್ಟು ಒತ್ತುತ್ತಿದ್ದವರು ಇವತ್ತು ಹೆಸರು ಬರೆದು ಒಳಗೆ ಬಂದೀರಿ. ನೋಡಿ ನಮಗೆ ಬಹಳ ಸಂತೋಷ ಆಯಿತು.

ಇವತ್ತು ಆಟದ ಮಾತು ಆಡೋಣ. ನಮ್ಮ ಶಾಲೆಯ ಮಕ್ಕಳ ಆಟಕ್ಕೂ ಸರಕಾರದ ದುಡ್ಡು ಇದೆ. ಅದರ ಲೆಕ್ಕ ಓದೋದು ಹೇಗೆ? ಅದನ್ನು ತಿಳಿಯೋಣ.

ಮೊದಲು ನಮ್ಮ ತಪ್ಪನ್ನೇ ಹೇಳ್ತೇವೆ. ನಾವು ಶಾಲೆಯಲ್ಲಿ ಪಾಠ ಹೇಳುವವರು. ಒಂದು ವರ್ಷ ಶಾಲೆಗೆ ಹೊಸ ಚೆಂಡು, ಹೊಸ ಹಗ್ಗ, ರಿಂಗು ಬಂದವು. ಹಾಳಾಗಬಾರದು ಅಂತ ನಾವೇ ಕಪಾಟಿನಲ್ಲಿಟ್ಟು ಬೀಗ ಹಾಕಿದೆವು. ಕೆಲವು ತಿಂಗಳ ಮೇಲೆ ತೆಗೆದು ನೋಡಿದರೆ ಹಗ್ಗವನ್ನು ಇಲಿ ಕಡಿದಿತ್ತು. ಚೆಂಡಿನ ಗಾಳಿ ಹೋಗಿತ್ತು. ಒಬ್ಬ ಹುಡುಗಿ ಕೇಳಿದಳು: "ಟೀಚರ್, ಈ ಚೆಂಡು ಯಾರಿಗೆ ತಂದಿದ್ರಿ?"

ನಾವು ತಲೆ ತಗ್ಗಿಸಿದೆವು.

ಚೆಂಡು ಮಕ್ಕಳದು. ಇದು ಕಾನೂನಿನ ಮಾತು. ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಆಯಿತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. 1ರಿಂದ 8ನೇ ತರಗತಿಯ ಶಾಲೆಗೆ ಆಟದ ಬಯಲು ಇರಬೇಕು, ಆಟದ ಸಾಮಾನು ಇರಬೇಕು ಅಂತ ಅದು ಹೇಳ್ತದೆ.

ಸಾಮಾನಿಗೆ ದುಡ್ಡು ಎಲ್ಲಿಂದ? 2018ರಲ್ಲಿ ಸಮಗ್ರ ಶಿಕ್ಷಣ ಯೋಜನೆ ಶುರುವಾಯಿತು. ಸರಕಾರಿ ಶಾಲೆಗೆ ವರ್ಷಕ್ಕೆ ಇಷ್ಟರ ತನಕ ಕ್ರೀಡಾ ಅನುದಾನ ಅಂತ ಅದರಲ್ಲಿ ಗೊತ್ತು ಮಾಡಿದರು. ಗಟ್ಟಿಯಾಗಿ ಓದೋಣ.

ಕಿರಿಯ ಪ್ರಾಥಮಿಕ ಶಾಲೆ: 5,000 ರೂಪಾಯಿ.
ಹಿರಿಯ ಪ್ರಾಥಮಿಕ ಶಾಲೆ: 10,000 ರೂಪಾಯಿ.
ಪ್ರೌಢಶಾಲೆ: 25,000 ರೂಪಾಯಿ.

ಅನುದಾನ ಅಂದರೆ ಸಾಲ ಅಲ್ಲ. ತಿರುಗಿ ಕೊಡಬೇಕಿಲ್ಲ. ಹಾಗಂತ ಯಾರೋ ಕೊಟ್ಟ ದಾನವೂ ಅಲ್ಲ. ಒಂದು ಸಾಬೂನು ಕೊಂಡರೂ ನಾವು ತೆರಿಗೆ ಕೊಡ್ತೇವೆ. ಅಂಥ ತೆರಿಗೆಯ ದುಡ್ಡೇ ಇದು. ನಮ್ಮ ದುಡ್ಡು.

ಇದನ್ನು ನೋಡಿಕೊಳ್ಳುವವರು ಯಾರು? ಶಾಲಾಭಿವೃದ್ಧಿ ಸಮಿತಿ. ಎಸ್‌ಡಿಎಂಸಿ ಅಂತೀವಲ್ಲ, ಅದೇ. ಅದರಲ್ಲಿ ನೂರಕ್ಕೆ 75 ಮಂದಿ ಮಕ್ಕಳ ತಂದೆ-ತಾಯಿಗಳೇ ಇರಬೇಕು. ನೂರಕ್ಕೆ 50 ಮಂದಿ ಹೆಂಗಸರಿರಬೇಕು. ಅನುದಾನ ಹೇಗೆ ಖರ್ಚಾಯಿತು ಅಂತ ನೋಡೋದು ಸಮಿತಿಯ ಕೆಲಸ. ಇದೂ ಕಾಯ್ದೆಯಲ್ಲೇ ಇದೆ.

ಆದರೆ ಎಷ್ಟೋ ಕಡೆ ಏನಾಗ್ತದೆ? ಪುಸ್ತಕ ಮನೆ ಬಾಗಿಲಿಗೆ ಬರ್ತದೆ. "ಇಲ್ಲೊಂದು ಸಹಿ ಹಾಕವ್ವ" ಅಂತಾರೆ. ಒಲೆ ಮೇಲೆ ರೊಟ್ಟಿ ಇರ್ತದೆ. ಸಹಿ ಹಾಕಿ ಕಳಿಸ್ತೀರಿ. ಅಕ್ಕ, ಸಹಿ ಕಲಿತದ್ದು ಇದಕ್ಕಲ್ಲ. ಮೊದಲು ಓದು, ಆಮೇಲೆ ಸಹಿ.

ಮೂರು ಪ್ರಶ್ನೆ ನೆನಪಿಡಿ. ಎಷ್ಟು ದುಡ್ಡು ಬಂತು? ಏನು ತಂದರು, ರಸೀದಿ ಎಲ್ಲಿ? ತಂದ ಸಾಮಾನಿನಲ್ಲಿ ಮಕ್ಕಳು ಆಡ್ತಾರಾ? ಉತ್ತರ ಸಿಗದಿದ್ದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳೋಣ. 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. 10 ರೂಪಾಯಿ ಕಟ್ಟಿ ಅರ್ಜಿ ಕೊಟ್ಟರೆ ಲೆಕ್ಕ ತೋರಿಸಲೇಬೇಕು.

"ಹುಡುಗೇರಿಗೆ ಆಟ ಯಾತಕ್ಕ?" ಅಂತ ಯಾರಾದರೂ ಕೇಳಬಹುದು. ಅವರಿಗೆ ಈ ಮಾತು ಹೇಳಿ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲನೇ ಖೋಖೋ ವಿಶ್ವಕಪ್ ನಡೆಯಿತು. ನಮ್ಮ ದೇಶದ ಹೆಣ್ಣುಮಕ್ಕಳು ಗೆದ್ದರು. ಆ ತಂಡದಲ್ಲಿ ನಮ್ಮ ಕರ್ನಾಟಕದ ಚೈತ್ರಾ ಇದ್ದಳು. ಮೈಸೂರು ಜಿಲ್ಲೆಯ ಕುರುಬೂರು ಎಂಬ ಹಳ್ಳಿಯ ಹುಡುಗಿ. ಖೋಖೋ ಆಟಕ್ಕೆ ಬೇಕಾದದ್ದು ಎರಡು ಕಂಬ, ಒಂದಿಷ್ಟು ಬಯಲು. ಅಷ್ಟೂ ನಮ್ಮ ಮಕ್ಕಳಿಗೆ ಸಿಗಬಾರದೇ?

ನಾವು ಕಪಾಟಿನ ಬೀಗ ತೆಗೆದೆವು. ಈಗ ಹುಡುಗಿಯರೇ ಸಾಮಾನು ಹಂಚ್ತಾರೆ, ಎಣಿಸಿ ಒಳಗಿಡ್ತಾರೆ. ಚೆಂಡು ಸವೆದಿದೆ. ಸವೆಯಲಿ, ಅದು ಆಡಿದ ಗುರುತು.

ನಾಳೆ ನಿಮ್ಮೂರ ಶಾಲೆಗೆ ಹೋಗಿರಿ. ಕಪಾಟು ತೆಗೆಸಿರಿ. ಲೆಕ್ಕದ ಪುಸ್ತಕ ಓದಿರಿ. ಬೀಗ ಹಾಕಿದ್ದರೆ ಆ ಹುಡುಗಿ ಕೇಳಿದ ಮಾತನ್ನೇ ಕೇಳಿರಿ: "ಈ ಚೆಂಡು ಯಾರಿಗೆ?"